ವ್ಯಾಟ್ ನೋಡಿ ಮರುಳಾಗದಿರಿ: ಧೂಳು ಹೀರುವ ಯಂತ್ರ ಕೊಳ್ಳುವ ಮುನ್ನ

ದಸರಾ, ದೀಪಾವಳಿ ಸಮೀಪಿಸುತ್ತಿದ್ದಂತೆ ಗೃಹೋಪಯೋಗಿ ವಸ್ತುಗಳ ಮಳಿಗೆಗಳಲ್ಲಿ ರಿಯಾಯಿತಿಯ ಫಲಕಗಳು ತಲೆಯೆತ್ತುತ್ತವೆ. ಟಿವಿ, ಫ್ರಿಜ್, ವಾಷಿಂಗ್ ಮಷಿನ್‌ಗಳ ಸಾಲು ಮುಗಿದ ಮೂಲೆಯಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳು ಕುಳಿತಿರುತ್ತವೆ. ಒಂದರ ಪೆಟ್ಟಿಗೆಯ ಮೇಲೆ 1,400 ವ್ಯಾಟ್, ಪಕ್ಕದ್ದರ ಮೇಲೆ 22 ಕಿಲೋಪಾಸ್ಕಲ್, ಮತ್ತೊಂದರ ಮೇಲೆ 150 ಏರ್‌ವ್ಯಾಟ್, ನಾಲ್ಕನೆಯದರ ಮೇಲೆ 8,000 ಪಾಸ್ಕಲ್. ಬೆಲೆಯೋ, ಸುಮಾರು ನಾಲ್ಕು ಸಾವಿರ ರೂಪಾಯಿಯಿಂದ ಅರವತ್ತು ಸಾವಿರದವರೆಗೆ. ಒಂದನ್ನೊಂದು ಹೋಲಿಸಲು ಬಾರದಿರಲಿ ಎಂದೇ ಮುದ್ರಿಸಿದಂತಿರುವ ಈ ಅಂಕಿಗಳ ಮುಂದೆ ಗ್ರಾಹಕ ಗೊಂದಲಕ್ಕೆ ಬೀಳುವುದು ಸಹಜ. ಕೊನೆಗೆ ಆತ ಮೊರೆಹೋಗುವುದು ಎರಡಕ್ಕೆ ಮಾತ್ರ: ದೊಡ್ಡ ಅಂಕಿ ಅಥವಾ ಮಾರಾಟಗಾರನ ಮಾತು.

ಈ ಗೊಂದಲದ ಪರಿಣಾಮವನ್ನು ನಗರದ ಮನೆಗಳ ಅಟ್ಟ ಹತ್ತಿದರೆ ನೋಡಬಹುದು. ಎಂಟು ಹತ್ತು ಸಾವಿರ ತೆತ್ತು ತಂದ ಯಂತ್ರ ನಾಲ್ಕಾರು ತಿಂಗಳು ಓಡಾಡಿ, ಬಳಿಕ ಪೆಟ್ಟಿಗೆ ಸಮೇತ ಅಟ್ಟ ಸೇರಿರುತ್ತದೆ. ಕೆಳಗೆ ಪೊರಕೆಯ ಆಡಳಿತ ಎಂದಿನಂತೆ ಮುಂದುವರಿದಿರುತ್ತದೆ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಅವು ಆ ಮನೆಗೆ ಹೊಂದುವ ಯಂತ್ರಗಳಾಗಿರಲಿಲ್ಲ, ಅಷ್ಟೆ.

ರತ್ನಗಂಬಳಿಯ ಮನೆಗೆ ಹುಟ್ಟಿದ ಯಂತ್ರ

ಅಷ್ಟಕ್ಕೂ ಈ ಯಂತ್ರ ಹುಟ್ಟಿದ್ದು ಯಾರ ಮನೆಗಾಗಿ ಎಂಬುದನ್ನು ಒಮ್ಮೆ ನೋಡಬೇಕು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ ಮೊದಲ ಯಂತ್ರ ಮನೆಯೊಳಗೆ ಹಿಡಿಸುವಂಥದ್ದೇ ಆಗಿರಲಿಲ್ಲ. ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲುತ್ತಿದ್ದ ಅದರಿಂದ ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಒಳಗೆ ಬಿಟ್ಟು ಶ್ರೀಮಂತರ ರತ್ನಗಂಬಳಿಗಳ ಧೂಳು ಹೀರಲಾಗುತ್ತಿತ್ತು. ಅಮೆರಿಕದ ಓಹಿಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಕಟ್ಟಡ ಗುಡಿಸುವ ಕೆಲಸ ಮಾಡುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಧೂಳಿನಿಂದ ಉಬ್ಬಸ ಬರುತ್ತಿತ್ತು. ಆತ ಸಣ್ಣ ಮೋಟಾರು, ತಿರುಗುವ ಬ್ರಷ್ಷು ಮತ್ತು ಬಟ್ಟೆಯ ಚೀಲ ಸೇರಿಸಿ ಕೈಯಲ್ಲಿ ನೂಕುವ ಯಂತ್ರ ಮಾಡಿಕೊಂಡ. 1908ರಲ್ಲಿ ಆ ಹಕ್ಕುಗಳು ವಿಲಿಯಂ ಹೂವರ್ ಕೈಸೇರಿದವು. ಮುಂದೆ ಬ್ರಿಟನ್ನಿನಲ್ಲಿ ‘ಹೂವರ್’ ಎಂಬುದು ಕ್ರಿಯಾಪದವೇ ಆಗಿಹೋಯಿತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿ, ನೆಲದ ಮೇಲೆ ಜಾರುವ ಉರುಳೆಯಾಕಾರದ ಡಬ್ಬಿ ಹಾಗೂ ಅದಕ್ಕೆ ಜೋಡಿಸಿದ ಕೊಳವೆಯ ವಿನ್ಯಾಸವನ್ನು ಮಾರುಕಟ್ಟೆಗೆ ತಂದಿತು. ಇಂದು ಭಾರತದ ಮಳಿಗೆಗಳಲ್ಲಿ ಕಾಣುವ ಬಹುತೇಕ ತಂತಿಸಹಿತ ಯಂತ್ರಗಳು ಇದರ ಮೊಮ್ಮಕ್ಕಳು.

ಭಾರತಕ್ಕೂ ಈ ಯಂತ್ರ ಅದೇ ಎಲೆಕ್ಟ್ರೊಲಕ್ಸ್ ನಂಟಿನ ಮೂಲಕವೇ ಮಧ್ಯಮವರ್ಗದ ಮನೆಬಾಗಿಲಿಗೆ ಬಂತು. ಆ ಕಂಪನಿಯ ಸಹಯೋಗದಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್, ಅಂಗಡಿಯನ್ನು ಬದಿಗಿರಿಸಿ ಟೈ ಕಟ್ಟಿದ ಯುವಕರನ್ನು ಮನೆಮನೆಗೆ ಕಳುಹಿಸಿತು. ಹಾಸಿಗೆಯ ಮೇಲೆ ಕಪ್ಪು ಬಟ್ಟೆ ಹಿಡಿದು ಯಂತ್ರ ಚಾಲೂ ಮಾಡಿ, ಬಟ್ಟೆಗೆ ಅಂಟಿದ ಬೂದುಬಣ್ಣದ ಧೂಳನ್ನು ತೋರಿಸಿ ಗೃಹಿಣಿಯರನ್ನು ಬೆಚ್ಚಿಬೀಳಿಸುತ್ತಿದ್ದ ಪ್ರದರ್ಶನ ಎಂಬತ್ತು, ತೊಂಬತ್ತರ ದಶಕದ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಡಾವಣೆಗಳಿಗೆ ಹೊಸದಲ್ಲ. ಆ ಪ್ರದರ್ಶನದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಯಾವ ಯಂತ್ರದಿಂದ ಹೀರಿದರೂ, ಯಾರ ಮನೆಯ ಹಾಸಿಗೆಯಿಂದಲೂ ಅಷ್ಟು ಧೂಳು ಬಂದೇ ಬರುತ್ತದೆ. ಅದು ಹಾಸಿಗೆಯ ಪರೀಕ್ಷೆಯೇ ಹೊರತು ಯಂತ್ರದ ಪರೀಕ್ಷೆಯಲ್ಲ.

ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಯಲ್ಲಿ ಪೊರಕೆ ನಡೆಯುವುದಿಲ್ಲ. ಅಲ್ಲಿ ಈ ಯಂತ್ರ ಅನಿವಾರ್ಯ. ಎಳೆಗಳ ನಡುವೆ ಹೂತ ಧೂಳನ್ನು ಕೆದಕಿ ಎತ್ತಲು ಗಡುಸು ಬ್ರಷ್ಷು, ಪ್ರಬಲ ಸೆಳೆತ ಎರಡೂ ಬೇಕು. ಕರ್ನಾಟಕದ ಮನೆಗಳ ನೆಲವೋ ಕಡಪ ಕಲ್ಲು, ಗ್ರಾನೈಟ್, ಮೊಸಾಯಿಕ್, ರೆಡ್‌ಆಕ್ಸೈಡ್ ಅಥವಾ ವಿಟ್ರಿಫೈಡ್ ಟೈಲ್ಸ್. ಇಂಥ ನಯವಾದ ನೆಲದ ಧೂಳು ಮೇಲೆಯೇ ಇರುತ್ತದೆ. ಅದನ್ನು ಎತ್ತಲು ಸಾಧಾರಣ ಸೆಳೆತವೇ ಸಾಕು. ಇಲ್ಲಿ ಯಂತ್ರದ ನಿಜವಾದ ಕೆಲಸ ಇರುವುದು ಪೊರಕೆ ತಲುಪದ ಕಡೆ: ಸೋಫಾದ ಸಂದು, ಹಾಸಿಗೆ, ಪರದೆ, ಪುಸ್ತಕದ ಕಪಾಟು, ಕಿಟಕಿಯ ಸೊಳ್ಳೆಜಾಲರಿ, ಸ್ಲೈಡಿಂಗ್ ಕಿಟಕಿಯ ಹಳಿ, ಫ್ಯಾನಿನ ರೆಕ್ಕೆ, ಮೂಲೆಯ ಜೇಡರಬಲೆ. ಹೀಗಾಗಿ ವಿದೇಶಿ ವಿಮರ್ಶೆಗಳಲ್ಲಿ ‘ಕಾರ್ಪೆಟ್ ಮೇಲೆ ಶ್ರೇಷ್ಠ’ ಎಂಬ ಹೊಗಳಿಕೆ ಪಡೆದ ಯಂತ್ರಕ್ಕೆ ಇಲ್ಲಿ ಹೆಚ್ಚುವರಿ ಹಣ ತೆರುವುದರಲ್ಲಿ ಅರ್ಥವಿಲ್ಲ. ಪೆಟ್ಟಿಗೆಯೊಳಗೆ ಕಿರಿದಾದ ಸಂದಿಮೂತಿ, ಮೃದು ರೋಮದ ದುಂಡು ಬ್ರಷ್ಷು, ಸೋಫಾ ಮೂತಿ, ಎತ್ತರಕ್ಕೆ ಚಾಚುವ ಗಟ್ಟಿ ಕೊಳವೆ ಇವೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ.

ವ್ಯಾಟ್ ಎಂಬುದು ಖರ್ಚು, ಗಳಿಕೆಯಲ್ಲ

ಪೆಟ್ಟಿಗೆಯ ಮೇಲಿನ 1,400 ಅಥವಾ 1,600 ವ್ಯಾಟ್ ಎಂಬುದು ಯಂತ್ರ ಗೋಡೆಯಿಂದ ಎಳೆಯುವ ವಿದ್ಯುತ್ತಿನ ಅಳತೆ. ಅದು ಎಷ್ಟು ಧೂಳು ಎಳೆಯುತ್ತದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಹೆಚ್ಚು ಪೆಟ್ರೋಲು ಕುಡಿಯುವ ಬೈಕು ಹೆಚ್ಚು ವೇಗದ್ದು ಎಂದು ನಂಬಿದರೆ ಹೇಗೋ ಇದೂ ಹಾಗೆಯೇ.

ಧೂಳನ್ನು ಎತ್ತುವ ಕೆಲಸಕ್ಕೆ ಎರಡು ಸಂಗತಿ ಬೇಕು. ಒಂದು, ಗಾಳಿಯ ಒತ್ತಡದಲ್ಲಿ ಉಂಟಾಗುವ ಇಳಿತ, ಅಂದರೆ ಸೆಳೆತ. ಇದನ್ನು ಪಾಸ್ಕಲ್ ಅಥವಾ ಕಿಲೋಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಇನ್ನೊಂದು, ಕೊಳವೆಯೊಳಗೆ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಹರಿಯುತ್ತದೆ ಎಂಬುದು. ಸೆಳೆತ ಧೂಳನ್ನು ನೆಲದಿಂದ ಬಿಡಿಸುತ್ತದೆ, ಹರಿವು ಅದನ್ನು ಚೀಲದವರೆಗೆ ಹೊತ್ತೊಯ್ಯುತ್ತದೆ. ಇವೆರಡರ ಗುಣಲಬ್ಧವೇ ಏರ್‌ವ್ಯಾಟ್.

ಜಾಹೀರಾತಿನ ಜಾಣತನ ಇರುವುದು ಇಲ್ಲಿ. ಕೊಳವೆಯ ಬಾಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದಾಗ ಸೆಳೆತ ಗರಿಷ್ಠವಾಗಿರುತ್ತದೆ, ಆದರೆ ಆಗ ಗಾಳಿಯ ಹರಿವು ಸೊನ್ನೆ. ಬಾಯನ್ನು ಪೂರ್ತಿ ತೆರೆದಾಗ ಹರಿವು ಗರಿಷ್ಠ, ಸೆಳೆತ ಹೆಚ್ಚುಕಡಿಮೆ ಸೊನ್ನೆ. ಎರಡೂ ಗರಿಷ್ಠಗಳು ಒಂದೇ ಹೊತ್ತಿಗೆ ಸಿಗಲಾರವು. ಪೆಟ್ಟಿಗೆಯ ಮೇಲೆ 22 ಕಿಲೋಪಾಸ್ಕಲ್ ಮತ್ತು ಸೆಕೆಂಡಿಗೆ 35 ಲೀಟರ್ ಎಂದು ಬರೆದಿದ್ದರೆ ಇವೆರಡನ್ನು ಗುಣಿಸಿ 770 ವ್ಯಾಟ್ ಎಂದು ಹಿಗ್ಗುವಂತಿಲ್ಲ. ಸ್ಥೂಲ ಲೆಕ್ಕದಲ್ಲಿ ಅದರ ಕಾಲುಭಾಗ, ಅಂದರೆ 190ರ ಆಸುಪಾಸಿನ ಏರ್‌ವ್ಯಾಟ್ ಮಾತ್ರ ಕೆಲಸಕ್ಕೆ ಸಿಗುವುದು. 1,400 ವ್ಯಾಟ್ ನುಂಗಿದ ಯಂತ್ರ ಧೂಳಿನ ಮೇಲೆ ಖರ್ಚು ಮಾಡುವುದು ಅಷ್ಟನ್ನೇ. ಉಳಿದದ್ದು ಶಾಖವಾಗಿ, ಸದ್ದಾಗಿ ಹೋಗುತ್ತದೆ.

ರೋಬಾಟ್ ಯಂತ್ರಗಳ ಜಾಹೀರಾತಿನಲ್ಲಿ ಕಾಣುವ ‘8,000 ಪಾಸ್ಕಲ್’ ಎಂಬುದು 8 ಕಿಲೋಪಾಸ್ಕಲ್ ಅಷ್ಟೆ. ಒಂದು ಕಿಲೋಮೀಟರ್ ದೂರದ ಊರನ್ನು ಲಕ್ಷ ಸೆಂಟಿಮೀಟರ್ ದೂರದ್ದು ಎಂದು ಹೇಳಿದಂತೆ. ಅದೂ ಬಾಯಿ ಮುಚ್ಚಿ ಅಳೆದ ಸೆಳೆತ. ಆದ್ದರಿಂದ ಎರಡು ಯಂತ್ರಗಳನ್ನು ಹೋಲಿಸುವಾಗ ಏರ್‌ವ್ಯಾಟ್ ಕೊಟ್ಟಿದ್ದರೆ ಅದನ್ನು ಹಿಡಿಯುವುದು ಲೇಸು. ಇಲ್ಲದಿದ್ದರೆ ಸೆಳೆತ, ಹರಿವು ಎರಡೂ ಅಂಕಿಗಳನ್ನು ಮುದ್ರಿಸಿರುವ ಕಂಪನಿಗೆ, ಒಂದನ್ನಷ್ಟೇ ಹೇಳಿ ಸುಮ್ಮನಾದ ಕಂಪನಿಗಿಂತ ಹೆಚ್ಚಿನ ಅಂಕ ಕೊಡಬಹುದು.

ಹೆಚ್ಚು ವ್ಯಾಟಿನ ಹುಚ್ಚಿಗೆ ಯುರೋಪ್ ಕಡಿವಾಣ ಹಾಕಿದ ಕಥೆ ಇಲ್ಲಿ ಪ್ರಸ್ತುತ. ಐರೋಪ್ಯ ಒಕ್ಕೂಟ 2014ರ ಸೆಪ್ಟೆಂಬರ್‌ನಿಂದ 1,600 ವ್ಯಾಟ್ ಹಾಗೂ 2017ರ ಸೆಪ್ಟೆಂಬರ್‌ನಿಂದ 900 ವ್ಯಾಟ್ ಮೀರದಂತೆ ಮನೆಬಳಕೆಯ ಯಂತ್ರಗಳಿಗೆ ಮಿತಿ ವಿಧಿಸಿತು. ಸದ್ದು 80 ಡೆಸಿಬಲ್ ದಾಟುವಂತಿಲ್ಲ, ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಕೊಳವೆ 40,000 ಬಾರಿ ಬಾಗಿದರೂ ಉಳಿಯಬೇಕು ಎಂಬ ಷರತ್ತುಗಳೂ ಸೇರಿದವು. ‘ನೆಲ ಇನ್ನು ಕೊಳಕಾಗಿಯೇ ಉಳಿಯಲಿದೆ’ ಎಂದು ಬ್ರಿಟನ್ನಿನ ಕೆಲವು ಪತ್ರಿಕೆಗಳು ಗೋಳಾಡಿದವು. ಆದರೆ ಕಂಪನಿಗಳು ಗಾಳಿಯ ದಾರಿಯನ್ನು, ಮೂತಿಯ ಆಕಾರವನ್ನು ತಿದ್ದಿ ಕಡಿಮೆ ವಿದ್ಯುತ್ತಿನಲ್ಲೇ ಅದೇ ಕೆಲಸ ತೆಗೆದವು. ವ್ಯಾಟಿಗೂ ಶುಚಿತ್ವಕ್ಕೂ ನೇರ ನಂಟಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಅದೇ ಒಕ್ಕೂಟ ಯಂತ್ರಗಳಿಗೆ ಕೊಟ್ಟ ದರ್ಜೆಪಟ್ಟಿ ಮಾತ್ರ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಧೂಳಿನ ಪಾತ್ರೆ ಖಾಲಿ ಇರುವಾಗ ಪರೀಕ್ಷೆ ಮಾಡಿ ದರ್ಜೆ ನೀಡುವುದು ಸರಿಯಲ್ಲ, ಮನೆಯಲ್ಲಿ ಯಾರೂ ಖಾಲಿ ಚೀಲದಿಂದ ವರ್ಷವಿಡೀ ಗುಡಿಸುವುದಿಲ್ಲ ಎಂಬುದು ಡೈಸನ್ ಕಂಪನಿಯ ವಾದವಾಗಿತ್ತು. ಚೀಲ ತುಂಬುತ್ತ ಹೋದಂತೆ ಸೆಳೆತ ಕುಗ್ಗುವ ಯಂತ್ರಗಳಿಗೆ ಈ ಪರೀಕ್ಷೆ ಅನುಕೂಲ ಮಾಡಿಕೊಡುತ್ತದೆ ಎಂದು ಅದು ದೂರಿತು. ಚೀಲವಿಲ್ಲದ ಯಂತ್ರಗಳನ್ನೇ ಮಾರುವ ಕಂಪನಿಗೆ ಇದರಲ್ಲಿ ಸ್ವಾರ್ಥ ಇದ್ದೇ ಇತ್ತೆನ್ನಿ. ಆದರೂ ವಾದದಲ್ಲಿ ಹುರುಳಿತ್ತು. 2018ರ ನವೆಂಬರ್‌ನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. 2019ರ ಜನವರಿಯಿಂದ ಆ ಪಟ್ಟಿ ಹೋಯಿತು, ವ್ಯಾಟಿನ ಮಿತಿ ಉಳಿಯಿತು.

ಚೀಲವೋ, ಬಟ್ಟಲೋ, ನೀರೋ?

ಚೀಲದ ಯಂತ್ರದಲ್ಲಿ ಚೀಲವೇ ಮೊದಲ ಸೋಸುಗ. ತುಂಬಿದಾಗ ಬಾಯಿ ಮುಚ್ಚಿ ಎಸೆದರೆ ಆಯಿತು, ಧೂಳು ಮತ್ತೆ ಮೂಗಿಗೆ ಬರುವುದಿಲ್ಲ. ತೊಂದರೆಯೆಂದರೆ ಚೀಲದ ಖರ್ಚು ಹಾಗೂ ಅಲಭ್ಯತೆ. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವ ಚೀಲ ರಾಯಚೂರಿನಲ್ಲೋ ಶಿರಸಿಯಲ್ಲೋ ಸಿಗದಿದ್ದರೆ ಯಂತ್ರ ಸುಮ್ಮನೆ ಕೂರುತ್ತದೆ. ಕಾಗದದ ಚೀಲ ಕರಾವಳಿಯ ಮಳೆಗಾಲದಲ್ಲಿ ತೇವ ಹಿಡಿದು ಹರಿಯುವುದೂ ಉಂಟು. ಒಗೆದು ಬಳಸುವ ಬಟ್ಟೆಚೀಲ ಅಗ್ಗ, ಆದರೆ ಅದನ್ನು ಕೊಡವುವಾಗ ಹೀರಿದ ಧೂಳಿನ ಒಂದು ಪಾಲು ಕೊಡವಿದವರ ಎದೆಗೇ ಸೇರುತ್ತದೆ.

ಬಟ್ಟಲಿನ ಯಂತ್ರಗಳು ಗಾಳಿಯನ್ನು ಸುಂಟರಗಾಳಿಯಂತೆ ಸುತ್ತಿಸಿ, ಧೂಳನ್ನು ಅಂಚಿಗೆ ಎಸೆದು ಬೇರ್ಪಡಿಸುತ್ತವೆ. ಮರದ ಮಿಲ್ಲುಗಳಲ್ಲಿ ಮೊದಲೇ ಇದ್ದ ಈ ತತ್ವವನ್ನು ಮನೆಯ ಯಂತ್ರಕ್ಕೆ ಅಳವಡಿಸಲು ಬ್ರಿಟನ್ನಿನ ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿ ನೋಡಿದ್ದು ಪ್ರಸಿದ್ಧ. ಆತನ ಸ್ವಂತ ಹೆಸರಿನ ಮೊದಲ ಯಂತ್ರ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಇವುಗಳಲ್ಲಿ ಚೀಲದ ಖರ್ಚಿಲ್ಲ. ಆದರೆ ಸುಂಟರಗಾಳಿಗೆ ಸಿಗದ ನವಿರು ಧೂಳು ಹಿಂದಿನ ಫಿಲ್ಟರ್‌ಗೆ ಬಡಿಯುತ್ತದೆ, ಅದನ್ನು ತೊಳೆಯುತ್ತಿರಬೇಕು. ರಂಗೋಲಿ ಪುಡಿ ಹಾಗೂ ಹೊಸ ಮನೆಯ ಸಿಮೆಂಟು ಧೂಳು ಈ ಫಿಲ್ಟರ್‌ಗಳ ಪರಮವೈರಿಗಳು. ಕಲ್ಲಿನ ನವಿರು ಪುಡಿ ಒಂದೆರಡು ಸಲ ಹೋದರೂ ಸಾಕು, ಸೆಳೆತ ಕುಗ್ಗಿ ಯಂತ್ರ ಏದುಸಿರು ಬಿಡುತ್ತದೆ. ಹೊಸ್ತಿಲ ಮುಂದಿನ ರಂಗೋಲಿಗೆ ಪೊರಕೆಯೇ ಸರಿ.

ತೊಳೆದ ಫಿಲ್ಟರ್ ಕನಿಷ್ಠ 24 ಗಂಟೆ ಒಣಗಬೇಕೆಂದು ಕೈಪಿಡಿಗಳು ಹೇಳುತ್ತವೆ. ಮಲೆನಾಡಿನ ಆಷಾಢದಲ್ಲಿ ಎರಡು ದಿನವೂ ಸಾಲದು. ಹಸಿ ಫಿಲ್ಟರ್ ಹಾಕಿ ಚಾಲೂ ಮಾಡಿದರೆ ತೇವ ಮೋಟಾರಿಗೆ ಹೋಗುತ್ತದೆ, ಯಂತ್ರದಿಂದ ಕಮಟು ವಾಸನೆಯೂ ಬರುತ್ತದೆ. ಎರಡನೇ ಫಿಲ್ಟರ್ ಒಂದನ್ನು ಮೊದಲೇ ಕೊಂಡಿಡುವುದು ಇದಕ್ಕಿರುವ ಸರಳ ಉಪಾಯ.

ನೀರಿನ ಪಾತ್ರೆಯ ಮೂಲಕ ಗಾಳಿ ಹಾಯಿಸುವ ದುಬಾರಿ ಯಂತ್ರಗಳದ್ದು ಮತ್ತೊಂದು ಬಗೆ. ಪ್ರದರ್ಶನದ ಕೊನೆಯಲ್ಲಿ ಕಪ್ಪಾದ ನೀರನ್ನು ಕಂಡವರು ತಲೆದೂಗಲೇಬೇಕು. ಕೆಲಸ ಮುಗಿದ ಕೂಡಲೇ ಆ ನೀರು ಚೆಲ್ಲಿ, ಪಾತ್ರೆ ತೊಳೆದು, ಒಣಗಿಸಿ ಇಡದಿದ್ದರೆ ಮರುದಿನ ನಾರುವುದು ಖಚಿತ ಎಂಬುದನ್ನು ಮಾತ್ರ ಪ್ರದರ್ಶನದಲ್ಲಿ ಒತ್ತಿ ಹೇಳುವವರು ಕಡಿಮೆ.

ಉಬ್ಬಸದ ಮನೆಗೆ ಹೆಪಾ ಮದ್ದೇ?

ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ಅನೇಕ ಕುಟುಂಬಗಳ ನಿಜವಾದ ಕಾರಣ ಶುಚಿತ್ವವಲ್ಲ, ಮಗುವಿನ ಅಥವಾ ಹಿರಿಯರ ಉಬ್ಬಸ, ಮುಗಿಯದ ಸೀನು. ಈ ದುಗುಡವನ್ನು ಚೆನ್ನಾಗಿ ಬಲ್ಲ ಮಾರುಕಟ್ಟೆ ‘ಹೆಪಾ’ ಎಂಬ ಪದವನ್ನು ದಾರಾಳವಾಗಿ ಬಳಸುತ್ತದೆ. ಇಲ್ಲಿ ತುಸು ನಿಧಾನಿಸುವುದು ಅಗತ್ಯ.

ಹೆಪಾ ಎಂಬುದು ಒಂದು ಅಳತೆಗೋಲು. ಯುರೋಪಿನ ಮಾನದಂಡದ ಎಚ್13 ದರ್ಜೆಯ ಫಿಲ್ಟರ್, ಸೋಸಲು ಅತ್ಯಂತ ಕಷ್ಟವಾದ ಗಾತ್ರದ ಕಣಗಳಲ್ಲಿ ಶೇ 99.95ರಷ್ಟನ್ನು ತಡೆಯಬೇಕು. ಅಮೆರಿಕದ ವ್ಯಾಖ್ಯೆಯ ಪ್ರಕಾರ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟು. ಪೆಟ್ಟಿಗೆಯ ಮೇಲೆ ‘ಹೆಪಾ ಮಾದರಿ’, ‘ಹೆಪಾದಂಥ’ ಎಂದಷ್ಟೇ ಇದ್ದು ದರ್ಜೆಯ ಉಲ್ಲೇಖ ಇಲ್ಲದಿದ್ದರೆ ಆ ಪದಕ್ಕೆ ಬೆಲೆಯಿಲ್ಲ. ದರ್ಜೆ ಇದ್ದರೂ ಅರ್ಧ ಮಾತ್ರ ಗೆದ್ದಂತೆ. ಫಿಲ್ಟರ್ ಸುತ್ತಲಿನ ರಬ್ಬರ್ ಅಂಚು ಸಡಿಲವಾಗಿದ್ದು, ಗಾಳಿ ಫಿಲ್ಟರನ್ನು ತಪ್ಪಿಸಿ ಸಂದಿನಿಂದ ಹೊರಬರುತ್ತಿದ್ದರೆ ನವಿರು ಧೂಳು ಮತ್ತೆ ಕೋಣೆಗೇ ಮರಳುತ್ತದೆ. ಇಡೀ ಯಂತ್ರವೇ ಬಿಗಿಯಾಗಿ ಮುಚ್ಚಿದೆಯೇ ಎಂಬುದು ಫಿಲ್ಟರ್‌ನ ದರ್ಜೆಯಷ್ಟೇ ಮುಖ್ಯ. ಅಗ್ಗದ ಯಂತ್ರಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಇನ್ನು ಹಾಸಿಗೆಯ ಧೂಳುಹುಳುವಿನ ವಿಚಾರ. ಕಾಲು ಮಿಲಿಮೀಟರ್ ಆಸುಪಾಸಿನ ಈ ಜೀವಿ ಮನುಷ್ಯನ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು ಬದುಕುತ್ತದೆ, ತೇವದ ಹವೆಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಅಲರ್ಜಿಗೆ ಮುಖ್ಯ ಕಾರಣ ಅದರ ಹಿಕ್ಕೆ. ಆ ಹಿಕ್ಕೆಯ ಕಣಗಳು ಹತ್ತು ಮೈಕ್ರಾನ್‌ಗೂ ದೊಡ್ಡವು. ಹಾಗಾಗಿ ಬಿಗಿಯಾಗಿ ಮುಚ್ಚಿದ ಒಳ್ಳೆಯ ಸಾಮಾನ್ಯ ಫಿಲ್ಟರ್ ಕೂಡ ಅವುಗಳಲ್ಲಿ ಹೆಚ್ಚಿನವನ್ನು ಹಿಡಿಯಬಲ್ಲದು. ಆದರೆ ಜೀವಂತ ಹುಳು ಬಟ್ಟೆಯ ಎಳೆಗಳನ್ನು ಕಚ್ಚಿ ಹಿಡಿದಿರುತ್ತದೆ, ಸೆಳೆತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವುದು, ಹಾಸಿಗೆಗೆ ಒತ್ತು ನೇಯ್ಗೆಯ ಕವಚ ಹಾಕುವುದು ಯಂತ್ರಕ್ಕಿಂತ ಖಚಿತ ಮಾರ್ಗ. ಯಂತ್ರ ಇದಕ್ಕೆ ಪೂರಕವಾಗಬಲ್ಲದೇ ಹೊರತು ಬದಲಿ ಆಗದು. ವೈದ್ಯರು ಕೊಟ್ಟ ಔಷಧಕ್ಕಂತೂ ಅಲ್ಲವೇ ಅಲ್ಲ. ಯಂತ್ರ ಓಡುವಾಗ, ಬಟ್ಟಲು ಖಾಲಿ ಮಾಡುವಾಗ ಉಬ್ಬಸ ಇರುವವರು ಆ ಕೋಣೆಯಲ್ಲಿ ಇರದಿರುವುದು ಒಳಿತು. ಅಂಥ ಮನೆಗೆ ಚೀಲದ ಯಂತ್ರವೇ ಮೇಲು ಎಂಬುದಕ್ಕೆ ಇದೂ ಒಂದು ಕಾರಣ.

ಪೊರಕೆಗೆ ಹೋಲಿಸಿದರೆ ಯಂತ್ರದ ದೊಡ್ಡ ಗುಣ, ಅದು ಧೂಳೆಬ್ಬಿಸುವುದಿಲ್ಲ ಎಂಬುದು. ದಿನಕ್ಕೆ ನಾಲ್ಕೈದು ಮನೆ ಗುಡಿಸುವ ಮಹಿಳೆಯರ ಎದೆಗೆ ಹೋಗುವ ಧೂಳಿನ ಲೆಕ್ಕವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಯಂತ್ರವಿರುವ ಮನೆಗಳಲ್ಲೂ ಮನೆಗೆಲಸದವರ ಕೈಗೆ ಅದನ್ನು ಕೊಡಲು ಹಿಂಜರಿಯುವವರೇ ಹೆಚ್ಚು. ಹಗುರವಾದ, ಒಂದೇ ಗುಂಡಿಯ, ಬೀಳಿಸಿದರೂ ಒಡೆಯದ ಯಂತ್ರವಾದರೆ ಈ ಹಿಂಜರಿಕೆಗೆ ಕಾರಣವಿರದು.

ತಂತಿ ಕಡಿದರೆ ಬೆಲೆ ಏಕೆ ಏರುತ್ತದೆ?

ಈಚಿನ ವರ್ಷಗಳಲ್ಲಿ ನಗರದ ಗ್ರಾಹಕರ ಕಣ್ಣು ಬಿದ್ದಿರುವುದು ಕೋಲಿನಾಕಾರದ, ಬ್ಯಾಟರಿಯ ಯಂತ್ರಗಳ ಮೇಲೆ. ಡೈಸನ್ ಕಂಪನಿ ತಂತಿಸಹಿತ ಯಂತ್ರಗಳ ಅಭಿವೃದ್ಧಿಯನ್ನೇ ಕೈಬಿಡುವುದಾಗಿ 2018ರಲ್ಲಿ ಘೋಷಿಸಿತ್ತು. ಗೋಡೆಗೆ ನೇತುಹಾಕಿ, ಬೇಕೆಂದಾಗ ಕೈಗೆತ್ತಿಕೊಳ್ಳಬಹುದಾದ ಈ ವಿನ್ಯಾಸದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಅಟ್ಟದಿಂದ ಇಳಿಸಿ, ಕೊಳವೆ ಜೋಡಿಸಿ, ಪ್ಲಗ್ ಹುಡುಕಬೇಕಾದ ಯಂತ್ರ ತಿಂಗಳಿಗೊಮ್ಮೆ ಓಡಿದರೆ, ಕೈಗೆ ಸಿಗುವ ಯಂತ್ರ ವಾರಕ್ಕೆ ಮೂರು ಬಾರಿ ಓಡುತ್ತದೆ.

ಆದರೆ ‘60 ನಿಮಿಷ’ ಎಂಬ ಮಾತನ್ನು ತೂಗಿ ನೋಡಬೇಕು. ಉದಾಹರಣೆಗೆ 25.2 ವೋಲ್ಟ್, 2.5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿ 63 ವ್ಯಾಟ್-ಅವರ್. ಯಂತ್ರ ಪೂರ್ಣ ಬಲದಲ್ಲಿ 400 ವ್ಯಾಟ್ ಎಳೆದರೆ ಅದು ಬಾಳುವುದು ಒಂಬತ್ತೂವರೆ ನಿಮಿಷ. 100 ವ್ಯಾಟಿನ ಸೌಮ್ಯ ಬಲದಲ್ಲಿ ಮೂವತ್ತೇಳು ನಿಮಿಷ ಮೀರಬಹುದು. ಜಾಹೀರಾತಿನ ಗಂಟೆ ಅತಿ ಕಡಿಮೆ ಬಲದ್ದು, ಅದೂ ಅನೇಕ ವೇಳೆ ಮೋಟಾರಿಲ್ಲದ ಮೂತಿ ಜೋಡಿಸಿ ಅಳೆದದ್ದು. ಎರಡು ಬೆಡ್‌ರೂಮಿನ ಮನೆಯ ಟೈಲ್ಸ್ ನೆಲಕ್ಕೆ ಸೌಮ್ಯ ಬಲ ಸಾಕು. ಮೂರು ಹಾಸಿಗೆ, ಸೋಫಾ ಎಲ್ಲವನ್ನೂ ಒಂದೇ ಬಾರಿ ಮುಗಿಸುವವರಿಗೆ ಸಾಲದು.

ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುವುದು ಅದರ ಸ್ವಭಾವ. ಹೊಸ ಬ್ಯಾಟರಿ ಪ್ರತ್ಯೇಕವಾಗಿ ಸಿಗುತ್ತದೆಯೇ, ಗ್ರಾಹಕನೇ ಕಳಚಿ ಹಾಕಬಹುದೇ, ಬೆಲೆ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ಆ ಯಂತ್ರವನ್ನು ಮೂರು ವರ್ಷದ ಬಾಡಿಗೆಗೆ ಪಡೆದಂತೆ ಎಂದೇ ಲೆಕ್ಕ ಹಾಕಬೇಕು. ಮೋಟಾರು, ಬ್ಯಾಟರಿ, ಬಟ್ಟಲು ಮೂರೂ ಹಿಡಿಯ ಬಳಿಯೇ ಇರುವುದರಿಂದ ಫ್ಯಾನ್, ಜೇಡರಬಲೆಗಳಿಗೆ ಇದನ್ನು ಎತ್ತಿ ಹಿಡಿದರೆ ಮಣಿಕಟ್ಟು ಬೇಗ ದಣಿಯುತ್ತದೆ ಎಂಬುದೂ ನೆನಪಿರಲಿ. ಉದ್ದ ಕೂದಲು ಸುತ್ತಿಕೊಳ್ಳುವ ತಿರುಗು ಬ್ರಷ್ಷಿನ ಕಾಟ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಹೇಳತೀರದು; ಬ್ರಷ್ಷಿನ ಉರುಳೆ ಉಪಕರಣವಿಲ್ಲದೆ ಕಳಚಿಬರುವಂತಿರಬೇಕು.

ಹಳೆಯ ಬಗೆಯ ತಂತಿಸಹಿತ ಯಂತ್ರಕ್ಕೆ ಈ ಮೆರುಗಿಲ್ಲ. ಅದರೊಳಗಿರುವುದು ಅಡುಗೆಮನೆಯ ಮಿಕ್ಸಿಯಲ್ಲಿರುವ ಜಾತಿಯದೇ ಮೋಟಾರು. ಸದ್ದು ಜೋರು. ಆದರೆ ಸವೆದ ಕಾರ್ಬನ್ ಬ್ರಷ್ಷುಗಳನ್ನು ಊರಿನ ಮೋಟಾರು ರಿಪೇರಿಯವರೂ ಬದಲಿಸಬಲ್ಲರು, ಕೊಳವೆ ಹರಿದರೆ ಹೊಸದು ಹಾಕಬಹುದು. ವಾರಕ್ಕೆ ಒಂದು ಗಂಟೆ ಓಡಿಸಿದರೆ, ಯುರೋಪ್ ಕೇಳಿದ 500 ಗಂಟೆಯ ಆಯುಷ್ಯವೆಂದರೆ ಸುಮಾರು ಒಂಬತ್ತೂವರೆ ವರ್ಷ. 1,400 ವ್ಯಾಟಿನ ಯಂತ್ರ ಅಷ್ಟು ಹೊತ್ತು ಓಡಿದರೆ ವರ್ಷಕ್ಕೆ ಬಳಸುವ ವಿದ್ಯುತ್ತು 73 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 440 ರೂಪಾಯಿ ದಾಟುವುದಿಲ್ಲ. ಅಂದರೆ ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಹತ್ತಾರು ಸಾವಿರ ಹೆಚ್ಚು ಕೊಡುವುದಕ್ಕೆ ಲೆಕ್ಕದ ಬೆಂಬಲವಿಲ್ಲ. ಒಂದು ಎಚ್ಚರಿಕೆ: ಇಷ್ಟು ವ್ಯಾಟಿನ ಯಂತ್ರ 6 ಆಂಪಿಯರ್‌ನ ಸಣ್ಣ ಪ್ಲಗ್ಗಿನ ಮಿತಿಯನ್ನು ಮುಟ್ಟುತ್ತದೆ. ಇದನ್ನು ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವುದು ಅಪಾಯಕಾರಿ.

ನೀರನ್ನೂ ಹೀರುವ ಡ್ರಮ್ಮಿನಾಕಾರದ ಯಂತ್ರಗಳದ್ದು ಪ್ರತ್ಯೇಕ ಲೋಕ. ಬಾಲ್ಕನಿಯಲ್ಲಿ ನಿಂತ ಮಳೆನೀರು, ಸಂಪಿನ ತಳದ ಕೆಸರು, ಕಾರಿನ ಒಳಭಾಗಗಳಿಗೆ ಇವು ಹೇಳಿ ಮಾಡಿಸಿದಂತಿವೆ. ದೇಹ ಮಾತ್ರ ದೊಡ್ಡದು, ಅಪಾರ್ಟ್‌ಮೆಂಟಿನ ಮಂಚದಡಿ ಅಡಗದು. ನೀರು ಹೀರುವ ಮುನ್ನ ಕಾಗದದ ಚೀಲ ತೆಗೆದು ಸ್ಪಂಜಿನ ಫಿಲ್ಟರ್ ಹಾಕುವುದನ್ನು ಮರೆಯಬಾರದು. ಒಣಧೂಳಿಗೆಂದೇ ಮಾಡಿದ ಯಂತ್ರದಿಂದ ಒಂದು ಲೋಟ ನೀರನ್ನೂ ಹೀರಬಾರದು, ಏಕೆಂದರೆ ಅವುಗಳಲ್ಲಿ ಹೀರಿದ ಗಾಳಿಯೇ ಮೋಟಾರಿನ ಮೇಲೆ ಹಾಯ್ದು ಅದನ್ನು ತಣಿಸುತ್ತದೆ. ಊದುಬತ್ತಿಯ ಬಿಸಿ ಬೂದಿಯೂ ನಿಷಿದ್ಧ.

ಹೊಸ್ತಿಲು ದಾಟದ ರೋಬಾಟ್

ಅಮೆರಿಕದ ಐರೋಬಾಟ್ ಕಂಪನಿ 2002ರಲ್ಲಿ ರೂಂಬಾ ಯಂತ್ರವನ್ನು ಬಿಡುಗಡೆ ಮಾಡಿದಾಗ ಅದು ಕುರುಡನಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತ ಅಲೆಯುತ್ತಿತ್ತು. ಈಗಿನವು ಲೇಸರ್ ಕಿರಣದಿಂದ ಕೋಣೆಯ ನಕ್ಷೆ ಬರೆದುಕೊಂಡು ಸಾಲುಸಾಲಾಗಿ ಗುಡಿಸುತ್ತವೆ, ಹಲವು ನೆಲವನ್ನೂ ಒರೆಸುತ್ತವೆ. ದಿನನಿತ್ಯದ ಮೇಲ್ಧೂಳಿಗೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇವು ನಿಜಕ್ಕೂ ಉಪಕಾರಿ. ಅಡ್ಡಿ ಬರುವುದು ಮನೆಯ ವಿನ್ಯಾಸದಿಂದ. ಸಾಮಾನ್ಯ ರೋಬಾಟ್ ಏರಬಲ್ಲದ್ದು ಎರಡು ಸೆಂಟಿಮೀಟರ್ ಎತ್ತರ. ಹಳೆಯ ಮನೆಗಳ ಹೊಸ್ತಿಲು, ಬಚ್ಚಲಿನ ಮೆಟ್ಟಿಲು ಅದಕ್ಕೆ ಬೆಟ್ಟ. ದೇವರಕೋಣೆಯ ಮುಂದಿನ ಅರಿಶಿನ ಕುಂಕುಮದ ಮೇಲೆ ಒದ್ದೆ ಬಟ್ಟೆ ಎಳೆದುಕೊಂಡು ಹೋದರೆ ಹಾಲಿನ ಬಿಳಿ ಟೈಲ್ಸ್ ಓಕುಳಿಯಾಡುವುದೂ ನಿಶ್ಚಿತ. ಅಂಥ ಜಾಗಗಳನ್ನು ಮೊಬೈಲ್ ನಕ್ಷೆಯಲ್ಲಿ ನಿಷೇಧಿತ ವಲಯವೆಂದು ಗುರುತಿಸುವ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಸೋಫಾ, ಹಾಸಿಗೆ, ಪರದೆ ಇದರ ವ್ಯಾಪ್ತಿಗೆ ಬಾರವು. ಹೀಗಾಗಿ ಮನೆಯ ಏಕೈಕ ಯಂತ್ರವಾಗಿ ಇದನ್ನು ಕೊಳ್ಳುವುದು ಸೂಕ್ತವಲ್ಲ.

ಕ್ಯಾಮೆರಾ ಇರುವ ಮಾದರಿಗಳ ಬಗ್ಗೆ ಮತ್ತೊಂದು ಅಳುಕಿದೆ. ಅಭಿವೃದ್ಧಿ ಹಂತದ ರೋಬಾಟ್‌ಗಳು ಮನೆಯೊಳಗೆ ಸೆರೆಹಿಡಿದ ಖಾಸಗಿ ಚಿತ್ರಗಳು ಸಾಮಾಜಿಕ ಜಾಲತಾಣಕ್ಕೆ ಸೋರಿದ್ದನ್ನು 2022ರ ಡಿಸೆಂಬರ್‌ನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಬಯಲು ಮಾಡಿತ್ತು. ಅವು ಅಂಗಡಿಯಲ್ಲಿ ಮಾರುವ ಯಂತ್ರಗಳಾಗಿರಲಿಲ್ಲ ನಿಜ. ಆದರೂ ಲೇಸರ್ ಮಾತ್ರ ಇರುವ ಮಾದರಿ ಸಿಗುವಾಗ ಮಲಗುವ ಕೋಣೆಗೆ ಕ್ಯಾಮೆರಾ ಏಕೆ ಬೇಕು? ಯಂತ್ರದ ಆಯುಷ್ಯ ಕಂಪನಿಯ ಆಯುಷ್ಯಕ್ಕೂ ಅಂಟಿಕೊಂಡಿರುತ್ತದೆ. ಈ ಬಗೆಯ ಯಂತ್ರವನ್ನು ಮನೆಮಾತಾಗಿಸಿದ ಐರೋಬಾಟ್ 2025ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಮೊಬೈಲ್ ಆ್ಯಪ್ ಇಲ್ಲದೆಯೂ ಗುಂಡಿ ಒತ್ತಿದರೆ ಗುಡಿಸುವ ಯಂತ್ರವೇ ಕ್ಷೇಮ.

ಹಣ ಕೊಡುವ ಮುನ್ನ

ವ್ಯಾಕ್ಯೂಮ್ ಕ್ಲೀನರ್ ಮೇಲಿನ ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ಶೇ 28ರಿಂದ 18ಕ್ಕೆ ಇಳಿಸಲಾಯಿತು. ಹೀಗಿದ್ದೂ ಒಂದೇ ಯಂತ್ರಕ್ಕೆ ಅಂಗಡಿ, ಆನ್‌ಲೈನ್, ಮನೆಬಾಗಿಲ ಮಾರಾಟಗಳಲ್ಲಿ ಮೂರು ಬೆಲೆ ಕೇಳಿಬರುವುದುಂಟು. ಮನೆಬಾಗಿಲಿಗೆ ಬಂದವರ ಬಳಿ ಅದೇ ದಿನ ಸಹಿ ಹಾಕುವ ಅವಸರ ಬೇಡ. ಎರಡು ಬೆಡ್‌ರೂಮಿನ ಸಾಧಾರಣ ಮನೆಗೆ ಹತ್ತು ಸಾವಿರದೊಳಗಿನ, ಚೀಲದ, ತಂತಿಸಹಿತ ಯಂತ್ರ ಇಂದಿಗೂ ಹಣಕ್ಕೆ ತಕ್ಕ ಆಯ್ಕೆ. ಅದನ್ನು ಅಟ್ಟಕ್ಕೇರಿಸದೆ ಕೈಗೆ ಸಿಗುವ ಕಡೆ ಇಡಲು ಜಾಗವಿಲ್ಲದಿದ್ದರೆ ಆಗ ಬ್ಯಾಟರಿಯ ಕೋಲಿನತ್ತ ನೋಡಬಹುದು.

ಅಂಗಡಿಯಲ್ಲಿ ಯಂತ್ರವನ್ನು ಚಾಲೂ ಮಾಡಿಸಿ ಕೇಳುವುದು, ಹಿಂಬದಿಯ ಗಾಳಿಗೆ ಅಂಗೈ ಒಡ್ಡಿ ಯಾವ ಸಂದಿನಿಂದ ಗಾಳಿ ಸೋರುತ್ತಿದೆ ಎಂದು ನೋಡುವುದು, ಬಟ್ಟಲನ್ನು ತಾವೇ ಕಳಚಿ ಮತ್ತೆ ಜೋಡಿಸುವುದು, ತಂತಿಯನ್ನು ಪೂರ್ತಿ ಎಳೆದು ಉದ್ದ ಅಳೆಯುವುದು ಗ್ರಾಹಕನ ಹಕ್ಕು. ತಂತಿ ಮತ್ತು ಕೊಳವೆಯ ಉದ್ದ ಕೂಡಿದರೆ ಹಾಲಿನ ಪ್ಲಗ್ಗಿನಿಂದ ಮೂಲೆಯ ಕೋಣೆ ತಲುಪುವಂತಿರಬೇಕು. ವಾರಂಟಿ ಯಂತ್ರಕ್ಕೋ, ಮೋಟಾರಿಗೆ ಮಾತ್ರವೋ, ಬ್ಯಾಟರಿ ಅದರಲ್ಲಿ ಸೇರಿದೆಯೋ ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಬೇಕು. ಬಿಡಿಭಾಗ, ರಿಪೇರಿಗಳ ಮಾಹಿತಿ ಒಂದೇ ಕಡೆ ಸಿಗಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದಿದೆ. ಮಾರಾಟದ ನಂತರ ಕಂಪನಿ ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಎರಡೂ ಕಡೆ ಮೊದಲು ಕೇಳುವುದು ರಸೀದಿಯನ್ನೇ.